ಟೇಬಲಿಗಿಂತ ಸ್ಕ್ರೂನದ್ದೇ ಭಾರ

ಕೈಯಲ್ಲಿ ತಿರುಗಿಸುವ ಮಿಲ್ಲಿಂಗ್ ಮೆಷಿನ್ನನ್ನು ಸಿಎನ್‌ಸಿ, ಅಂದರೆ ಕಂಪ್ಯೂಟರ್ ಹೇಳಿದಂತೆ ಓಡುವ ಮೆಷಿನ್, ಮಾಡಲು ಹೊರಟವರಿಗೆಲ್ಲ ಸಿಗುವ ಸಲಹೆ ಒಂದೇ: ಮೂರೂ ಆಕ್ಸಿಸ್‌ಗೆ (ಟೇಬಲ್ ಜರುಗುವ ದಿಕ್ಕುಗಳಿಗೆ) 750 ವ್ಯಾಟ್ ಎಸಿ ಸರ್ವೋ, ಅಂದರೆ ತಾನೆಷ್ಟು ತಿರುಗಿದೆ ಎಂದು ನೋಡಿಕೊಂಡೇ ಓಡುವ ಮೋಟಾರ್, ಹಾಕಿಬಿಡಿ, ತಲೆನೋವೇ ಇರಲ್ಲ. ನನಗೂ ಅದೇ ಸಲಹೆ ಸಿಕ್ಕಿತ್ತು. ಆರ್ಡರ್ ಹಾಕುವ ಮುಂಚೆ ಒಂದು ರಜೆಯ ದಿನ ಮೆಷಿನ್ ಮುಂದೆಯೇ ಕೂತು ಲೆಕ್ಕ ಮಾಡೋಣ ಅನ್ನಿಸಿತು. ನನಗೆ ಮಿಲ್ಲಿಂಗ್ ಕಲಿಸಿದ ಹಿರಿಯ ಫಿಟ್ಟರ್ ಒಬ್ಬರು ಜೊತೆಗೆ ಬಂದರು. ಅವರಿಗೆ ಮೋಟಾರಿನ ಸುತ್ತು ಎಣಿಸುವ ಎನ್‌ಕೋಡರ್ ಗಿನ್‌ಕೋಡರ್ ಗೊತ್ತಿಲ್ಲ, ಸ್ಲೈಡಿನ ಸಡಿಲ ತೆಗೆಯುವ ಪಟ್ಟಿ, ಗಿಬ್, ಎಷ್ಟು ಬಿಗಿಯಿದೆ ಎಂಬುದು ಮಾತ್ರ ಕೈಗೇ ತಿಳಿಯುತ್ತದೆ.

ಮೊದಲು ಅಳೆದದ್ದು ಘರ್ಷಣೆ. ಹ್ಯಾಂಡ್‌ವೀಲಿಗೆ ದಾರ ಸುತ್ತಿ, ತುದಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಮೆಲ್ಲಗೆ ಎಳೆದೆವು. ಟೇಬಲ್ ಜರುಗುವಾಗ ಮುಳ್ಳು ಒಂದೂವರೆ ಕೆಜಿಯ ಆಸುಪಾಸಿನಲ್ಲಿತ್ತು. ಚಕ್ರದ ತ್ರಿಜ್ಯ 100 ಮಿ.ಮೀ. ಹಾಗಾಗಿ ಟಾರ್ಕ್ ಸುಮಾರು 1.5 ನ್ಯೂಟನ್ ಮೀಟರ್. "ಇದ್ರಲ್ಲಿ ಬಹಳಷ್ಟನ್ನ ಹಳೇ ಸ್ಕ್ರೂನೇ ತಿನ್ನುತ್ತೆ ಕಣಪ್ಪಾ" ಅಂದರು. ಹೌದು, ಟೇಬಲನ್ನು ಜರುಗಿಸುವ ಹಳೆಯ ಸ್ಕ್ರೂವಿನ ಆಕ್ಮೆ ಎಳೆಯಲ್ಲಿ (ಇಳಿಜಾರು ಬದಿಯ ಅಗಲ ಎಳೆ) ನಟ್ಟು ಉಜ್ಜಿಕೊಂಡೇ ಸಾಗುತ್ತದೆ. ನಟ್ಟಿನೊಳಗೆ ಗುಂಡುಗಳು ಉರುಳುವ ಬಾಲ್ ಸ್ಕ್ರೂ ಹಾಕಿದರೆ ದಕ್ಷತೆ ಶೇ. 90ರ ಹತ್ತಿರ ಹೋಗುತ್ತದೆ. ಅದನ್ನು ಹೇಗೂ ಹಾಕಲೇಬೇಕಿತ್ತು. ಸ್ಕ್ರೂ-ನಟ್ಟಿನ ನಡುವಿನ ಸಡಿಲ, ಬ್ಯಾಕ್‌ಲ್ಯಾಶ್, ಇಟ್ಟುಕೊಂಡು ಕ್ಲೈಂಬ್ ಮಿಲ್ಲಿಂಗ್‌ಗೆ (ಕಟರ್ ತಿರುಗುವ ದಿಕ್ಕಿಗೇ ಜಾಬ್ ಸಾಗಿಸುವುದು) ಇಳಿದರೆ ಕಟರ್ ಟೇಬಲನ್ನೇ ಕಚ್ಚಿ ಎಳೆದುಕೊಳ್ಳುತ್ತದೆ. ಮೋಟಾರ್ ಎಷ್ಟು ದೊಡ್ಡದಾದರೂ ಆ ಸಡಿಲಕ್ಕೆ ಮದ್ದಿಲ್ಲ.

ಸರ್ವೋ ಬದಲು ಹೆಜ್ಜೆ ಹೆಜ್ಜೆಯಾಗಿ ತಿರುಗುವ ಮೋಟಾರ್, ಸ್ಟೆಪ್ಪರ್, ವಿಚಾರ ಬೇಗ ಮುಗಿಯಿತು. ಕ್ಯಾಟಲಾಗಿನಲ್ಲಿ ದೊಡ್ಡದಾಗಿ ಬರೆದಿರುವುದು ನಿಂತಲ್ಲೇ ಹಿಡಿದಿಡುವ ಟಾರ್ಕ್, ವೇಗ ಏರಿದಂತೆ ಅದು ಕರಗುತ್ತದೆ. ಸ್ಟೆಪ್ ತಪ್ಪಿದರೂ ಸಾಮಾನ್ಯ ಸ್ಟೆಪ್ಪರ್ ಬಾಯಿ ಬಿಡುವುದಿಲ್ಲ. ಸರ್ವೋ ಆದರೆ ಅಲಾರಂ ಕೊಟ್ಟು ನಿಲ್ಲುತ್ತದೆ.

ನಾನು ಆರಿಸಿಕೊಂಡ ಸ್ಕ್ರೂ 25 ಮಿ.ಮೀ. ವ್ಯಾಸದ್ದು, 5 ಮಿ.ಮೀ. ಲೀಡ್, ಅಂದರೆ ಒಂದು ಸುತ್ತಿಗೆ ಟೇಬಲ್ 5 ಮಿ.ಮೀ. ಸಾಗುತ್ತದೆ. ಈ ಹಳೆಯ ಡವ್‌ಟೇಲ್ (ಓರೆ ಅಂಚಿನ) ಸ್ಲೈಡಿಗೆ ನಿಮಿಷಕ್ಕೆ 5 ಮೀಟರ್ ವೇಗ ಧಾರಾಳವಾಯಿತು. ಅದಕ್ಕೆ ಸ್ಕ್ರೂ ನಿಮಿಷಕ್ಕೆ 1000 ಸುತ್ತು ತಿರುಗಿದರೆ ಸಾಕು. ಸರ್ವೋ ಓಡುವುದು 3000 ಸುತ್ತಿನಲ್ಲಿ. ನೇರ ಕಪ್ಲಿಂಗ್ ಮಾಡಿದರೆ ಮೂರರಲ್ಲಿ ಎರಡು ಪಾಲು ವೇಗ ದಂಡ. 750 ವ್ಯಾಟಿನ ಮೋಟಾರ್ ಕೊಡುವ ಟಾರ್ಕ್ 2.39 ನ್ಯೂಟನ್ ಮೀಟರ್. 400 ವ್ಯಾಟಿನದ್ದು ಬರೀ 1.27, ಆದರೆ ಹಲ್ಲಿನ ಬೆಲ್ಟಿನಲ್ಲಿ ಮೂರಕ್ಕೊಂದು ಇಳಿಸಿದರೆ, ಅಂದರೆ ಮೋಟಾರ್ ಮೂರು ಸುತ್ತಿಗೆ ಸ್ಕ್ರೂ ಒಂದು ಸುತ್ತಾದರೆ, ಸ್ಕ್ರೂ ಮೇಲೆ 3.8! ಟೇಬಲಿಗೆ ಸಿಗುವ ತಳ್ಳುಬಲ 4000 ನ್ಯೂಟನ್ ದಾಟುತ್ತದೆ. ಚಿಕ್ಕ ಮೋಟಾರೇ ಹೆಚ್ಚು ತಳ್ಳುತ್ತದೆ.

"ಅಂಗೈಯಗಲದ್ದು, 200 ಕೆಜಿ ಎಳೆಯುತ್ತಾ?" ಎಂದು ಅವರು ನಕ್ಕರು. ಜಡತ್ವದ, ಅಂದರೆ ವೇಗ ಬದಲಿಸಲು ಎಷ್ಟು ಹೊರೆ ಎಂಬುದರ, ಲೆಕ್ಕ ತೆಗೆದೆ. ವೈಸ್, ಜಾಬ್ ಸೇರಿ 200 ಕೆಜಿಯ ಟೇಬಲ್ 5 ಮಿ.ಮೀ. ಲೀಡಿನ ಮೂಲಕ ಸ್ಕ್ರೂಗೆ ಕಾಣುವುದು 1.3 ಕೆಜಿ-ಚದರ ಸೆಂ.ಮೀ. ಮಾತ್ರ. ಒಂದು ಮೀಟರ್ ಉದ್ದದ ಸ್ಕ್ರೂ ತೂಗುವುದು ನಾಲ್ಕು ಕೆಜಿಗೂ ಕಮ್ಮಿ, ಆದರೆ ಅದರ ಜಡತ್ವ 3! ಎಲ್ಲರೂ ಟೇಬಲ್ ತೂಕದ ಬಗ್ಗೆಯೇ ಮಾತಾಡುತ್ತಾರೆ, ಮೋಟಾರಿಗೆ ಹೊರೆಯಾಗುವುದು ತನ್ನ ಸುತ್ತ ತಾನೇ ತಿರುಗುವ ಈ ಸರಳು. ಎರಡೂ ಸೇರಿ 4.3, ನಾನು ನೋಡಿದ 400 ವ್ಯಾಟ್ ಮೋಟಾರಿನ ರೋಟರಿನದ್ದು 0.3. ನೇರವಾಗಿ ಜೋಡಿಸಿದರೆ ಹದಿನಾಲ್ಕು ಪಟ್ಟು ಹೊರೆ, ಟ್ಯೂನ್ ಮಾಡುವವನ ಪಾಡು ಬೇಡ. ಬೆಲ್ಟ್ ಇದ್ದರೆ ಅನುಪಾತದ ವರ್ಗದಿಂದ, ಅಂದರೆ ಒಂಬತ್ತರಿಂದ ಭಾಗಿಸಬಹುದು.

"ಪುಲ್ಲಿ ಹಿಡಿದ್ಯಾ ಲೆಕ್ಕಕ್ಕೆ?"

ಅವರು ಎನ್‌ಕೋಡರ್ ನಂಬದಿದ್ದರೇನು, ಈ ಪ್ರಶ್ನೆ ಕ್ಯಾಟಲಾಗಿನಲ್ಲಿ ಇರಲಿಲ್ಲ. 5 ಮಿ.ಮೀ. ಪಿಚ್‌ನ 60 ಹಲ್ಲಿನ ಪುಲ್ಲಿ, 95 ಮಿ.ಮೀ. ವ್ಯಾಸ, 20 ಮಿ.ಮೀ. ದಪ್ಪ. ಗಟ್ಟಿ ಅಲ್ಯೂಮಿನಿಯಂ ಆದರೂ ಅದೊಂದೇ ಮತ್ತೆ 4.3. ಉಕ್ಕಾದರೆ ಹತ್ತಿರ ಹತ್ತಿರ ಮೂರು ಪಟ್ಟು. ಉಕ್ಕನ್ನು ಅಲ್ಲಿಗೇ ಕೈಬಿಟ್ಟೆ. ಅಲ್ಯೂಮಿನಿಯಂ ಹಿಡಿದರೆ ಒಟ್ಟು 8.6, ಒಂಬತ್ತರಿಂದ ಭಾಗಿಸಿದರೆ ಒಂದಕ್ಕೂ ಕಮ್ಮಿ, ರೋಟರಿನ ಮೂರು ಪಟ್ಟು ಚಿಲ್ಲರೆ. ಇದು ನಡೆಯುತ್ತದೆ. ಎಕ್ಸ್, ವೈ ಎರಡಕ್ಕೂ 400 ವ್ಯಾಟ್ ಎಂದು ಬರೆದುಕೊಂಡೆ.

17 ಬಿಟ್ ಎನ್‌ಕೋಡರ್, ಸುತ್ತಿಗೆ 1,31,072 ಎಣಿಕೆ ಎಂಬ ಆಕರ್ಷಣೆಗೆ ನಾನು ಸೋಲಲಿಲ್ಲ. ಸಿ7 ದರ್ಜೆಯ ಸ್ಕ್ರೂ 300 ಮಿ.ಮೀ.ಗೆ 0.05 ಮಿ.ಮೀ. ತಪ್ಪಬಹುದು, ಮೋಟಾರ್ ಎಷ್ಟು ಸೂಕ್ಷ್ಮವಾಗಿ ಎಣಿಸಿದರೂ ಸ್ಕ್ರೂವಿನ ತಪ್ಪು ಅಲ್ಲೇ ಇರುತ್ತದೆ. ನನ್ನ ಕಂಟ್ರೋಲರ್ ಸೆಕೆಂಡಿಗೆ ಒಂದು ಲಕ್ಷ ಪಲ್ಸ್ ಕೊಡುತ್ತದೆ. 3000 ಸುತ್ತಿನಲ್ಲಿ ಅದು ಸುತ್ತಿಗೆ 2000 ಪಲ್ಸ್ ಆಗುತ್ತದೆ, ಡ್ರೈವಿನ (ಮೋಟಾರ್ ಓಡಿಸುವ ಪೆಟ್ಟಿಗೆಯ) ಎಲೆಕ್ಟ್ರಾನಿಕ್ ಗೇರನ್ನು, ಅಂದರೆ ಸುತ್ತಿಗೆ ಎಷ್ಟು ಪಲ್ಸ್ ಎಂಬ ಹೊಂದಿಕೆಯನ್ನು, ಅಷ್ಟಕ್ಕೇ ಇಟ್ಟರೆ ಒಂದು ಪಲ್ಸ್ ಒಂದು ಮೈಕ್ರಾನಿಗಿಂತ ಕಮ್ಮಿ.

ಉಳಿದದ್ದು ‘ನೀ’ (knee), ಟೇಬಲನ್ನು ಹೊತ್ತು ಮೇಲೆ ಕೆಳಗೆ ಜರುಗುವ ಭಾಗ. ಕೈಯಲ್ಲಿ ಎತ್ತುವಾಗ ಬೆವರಿಳಿಸುವ ಆ ತೂಕಕ್ಕೆ ಮಾತ್ರ 750 ವ್ಯಾಟ್ ಒಪ್ಪಿದೆ, ಅದೂ ಬ್ರೇಕ್ ಇರುವುದನ್ನು. ಹಳೆಯ ಆಕ್ಮೆ ಸ್ಕ್ರೂ ಕರೆಂಟ್ ಇಲ್ಲದೆಯೂ ನೀಯನ್ನು ಹಿಡಿದಿಟ್ಟಿತ್ತು. ಬಾಲ್ ಸ್ಕ್ರೂ ಹಿಡಿಯುವುದಿಲ್ಲ, ಕರೆಂಟ್ ಹೋದರೆ ತಾನೇ ತಿರುಗಿ ಕೆಳಗಿಳಿಯುತ್ತದೆ. ಆ ಬ್ರೇಕ್ ನಿಂತದ್ದನ್ನು ಹಿಡಿಯಲಿಕ್ಕೆ, ಓಡುವುದನ್ನು ನಿಲ್ಲಿಸಲಿಕ್ಕಲ್ಲ. 24 ವೋಲ್ಟ್ ಕೊಟ್ಟರೆ ಬಿಡುತ್ತದೆ, ತೆಗೆದರೆ ಕಚ್ಚುತ್ತದೆ. ಸರ್ವೋ ಆನ್ ಆಗಿ ಭಾರ ಹೊತ್ತ ಮೇಲೆಯೇ ಬ್ರೇಕ್ ಬಿಡಬೇಕು, ಬ್ರೇಕ್ ಕಚ್ಚಿದ ಮೇಲೆಯೇ ಸರ್ವೋ ಆಫ್ ಆಗಬೇಕು. ಹಾಗಾಗಿ ಆ ರಿಲೇಯ ವೈರನ್ನು ಕಂಟ್ರೋಲರಿನಿಂದ ತರದೆ, ಡ್ರೈವಿನ ಬ್ರೇಕ್ ಔಟ್‌ಪುಟ್‌ಗೇ ಎಳೆಯುವುದೆಂದು ತೀರ್ಮಾನಿಸಿ ಆರ್ಡರ್ ಹಾಕಿದೆ.