1600 ಮೀಟರ್: ದಿನಾ ಓಡಿದರೂ ಟೈಮಿಂಗ್ ಯಾಕೆ ಇಳಿಯುವುದಿಲ್ಲ?

ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಗೆ ತಯಾರಾಗುವ ಹುಡುಗರು ಬೆಳಗಿನ ಜಾವ ಯಾವ ತಾಲೂಕಿನ ಗ್ರೌಂಡಿಗೆ ಹೋದರೂ ಸಿಗುತ್ತಾರೆ. ಬಹುತೇಕರ ಅಭ್ಯಾಸ ಒಂದೇ ಥರ. ವಾರಕ್ಕೆ ಆರು ದಿನ, ದಿನಾ 1600 ಮೀಟರ್, ಪ್ರತಿ ಸಲವೂ ಜೀವ ಬಿಟ್ಟು ಓಟ. ಮೊದಲ ಕೆಲವು ವಾರ ಟೈಮಿಂಗ್ ಚೆನ್ನಾಗಿ ಇಳಿಯುತ್ತದೆ. ಆಮೇಲೆ ಏಳು ನಿಮಿಷದ ಆಸುಪಾಸಿನಲ್ಲಿ ನಿಂತುಬಿಡುತ್ತದೆ, ಜೊತೆಗೆ ಕಾಲು ನೋವು. ಶ್ರಮ ಕಡಿಮೆಯಾಗಿದೆ ಅಂದುಕೊಂಡು ಇನ್ನಷ್ಟು ಜೋರಾಗಿ ಓಡುತ್ತಾರೆ. ಅಸಲಿಗೆ ಬೇಕಿರುವುದು ನಿಧಾನದ ಓಟ.

ಇತ್ತೀಚಿನ ಅಧಿಸೂಚನೆಗಳಲ್ಲಿ ಪುರುಷರಿಗೆ 1600 ಮೀಟರಿಗೆ 6 ನಿಮಿಷ 30 ಸೆಕೆಂಡ್, ಮಹಿಳೆಯರಿಗೆ 400 ಮೀಟರಿಗೆ 2 ನಿಮಿಷ ಕೊಟ್ಟಿದ್ದಾರೆ (ನಿಮ್ಮ ಹುದ್ದೆಯ ಅಧಿಸೂಚನೆಯನ್ನು ನೀವೇ ಓದಿ ಖಚಿತಪಡಿಸಿಕೊಳ್ಳಿ). 6:30 ಅಂದರೆ 390 ಸೆಕೆಂಡ್, 400 ಮೀಟರ್ ಟ್ರ್ಯಾಕಿನಲ್ಲಿ ರೌಂಡಿಗೆ ತೊಂಬತ್ತೇಳೂವರೆ ಸೆಕೆಂಡ್. ಇದು ಭಯಪಡುವಂಥ ವೇಗವಲ್ಲ. ಒಂದೇ ರೌಂಡನ್ನು ಈ ವೇಗದಲ್ಲಿ ಹೆಚ್ಚಿನವರು ಓಡುತ್ತಾರೆ, ಕಷ್ಟವಿರುವುದು ಅದೇ ವೇಗವನ್ನು ನಾಲ್ಕು ರೌಂಡ್ ಹಿಡಿದಿಡುವುದರಲ್ಲಿ. ಆರು ನಿಮಿಷದ ಓಟಕ್ಕೆ ಬೇಕಾದ ಶಕ್ತಿಯಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಆಮ್ಲಜನಕ ಬಳಸಿಯೇ ತಯಾರಾಗುತ್ತದೆ. ನಾವು ದಮ್ಮು ಅನ್ನುವುದು ಇದನ್ನೇ.

ಈ ದಮ್ಮು ಕಟ್ಟುವುದು ನಿಧಾನದ ಓಟ. ಅದರಿಂದ ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ಪಂಪ್ ಮಾಡಲು ಕಲಿಯುತ್ತದೆ, ಸ್ನಾಯುಗಳಲ್ಲಿ ಸಣ್ಣ ರಕ್ತನಾಳಗಳು ಹೆಚ್ಚುತ್ತವೆ. ಎಷ್ಟು ನಿಧಾನ? ಪಕ್ಕದಲ್ಲಿ ಓಡುವವನ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡುವಷ್ಟು. ಎರಡು ಪದಕ್ಕೊಮ್ಮೆ ಉಸಿರು ಎಳೆಯಬೇಕಾದರೆ ವೇಗ ಇಳಿಸಿ. ಬೇರೆಯವರು ದಾಟಿಕೊಂಡು ಹೋಗುವಾಗ ಇದನ್ನು ಪಾಲಿಸುವುದು ಬಹಳ ಕಷ್ಟ, ಆದರೂ ಪಾಲಿಸಲೇಬೇಕು.

ಹನ್ನೆರಡು ವಾರ ಕೈಯಲ್ಲಿದ್ದರೆ ಮೊದಲ ನಾಲ್ಕು ವಾರ ಬರೀ ಇದೇ ಇರಲಿ. ವಾರಕ್ಕೆ ನಾಲ್ಕು ದಿನ, ತಲಾ 20 ನಿಮಿಷದಿಂದ ಶುರುಮಾಡಿ 35 ನಿಮಿಷದವರೆಗೆ. ಮೊದಲು ಓಡಿಯೇ ಇಲ್ಲದವರು ಎರಡು ನಿಮಿಷ ಓಟ, ಒಂದು ನಿಮಿಷ ನಡಿಗೆ ಎಂದು ಶುರುಮಾಡಬಹುದು. ಐದನೇ ವಾರದಿಂದ ನಾಲ್ಕರಲ್ಲಿ ಒಂದು ದಿನ ವೇಗದ ಅಭ್ಯಾಸ: 400 ಮೀಟರ್ ನಾಲ್ಕು ಸಲ, ಪ್ರತಿ ಸಲ 95ರಿಂದ 97 ಸೆಕೆಂಡ್, ನಡುವೆ ಎರಡೂವರೆ ನಿಮಿಷ ನಡಿಗೆ. ನಾಲ್ಕನೆಯದೂ ಮೊದಲನೆಯದರಷ್ಟೇ ಸಮಯದಲ್ಲಿ ಬಂದರೆ ಮುಂದಿನ ವಾರ ಐದು, ಆಮೇಲೆ ಆರು. ಆರು ಬಂದ ಮೇಲೆ ವಿಶ್ರಾಂತಿಯನ್ನು ಎರಡು ನಿಮಿಷಕ್ಕೆ, ಮತ್ತೆ ಒಂದೂವರೆಗೆ ಇಳಿಸಿ. ಸಂಖ್ಯೆ, ವೇಗ, ವಿಶ್ರಾಂತಿ, ಈ ಮೂರರಲ್ಲಿ ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಎಲ್ಲವನ್ನೂ ಒಟ್ಟಿಗೆ ಬಿಗಿ ಮಾಡಿದರೆ ದೇಹ ಯಾವುದಕ್ಕೆ ಸೋತಿತು ಅಂತ ಗೊತ್ತೇ ಆಗುವುದಿಲ್ಲ. ಒಂಬತ್ತನೇ ವಾರದ ಹೊತ್ತಿಗೆ 800 ಮೀಟರ್ ಎರಡು ಸಲ, 3:10ರ ಆಸುಪಾಸು. ಪೂರ್ತಿ 1600ರ ಟ್ರಯಲ್ ಮೂರು ವಾರಕ್ಕೊಮ್ಮೆ ಸಾಕು.

ಒಂದು ಎಚ್ಚರಿಕೆ. ಶಾಲೆ ಮೈದಾನದ ಸುತ್ತಳತೆ 400 ಮೀಟರ್ ಅಂತ ಯಾರೋ ಹೇಳಿದ್ದನ್ನು ನಂಬಬೇಡಿ, ಟೇಪ್ ಹಿಡಿದು ಅಳೆಯಿರಿ. ಸಣ್ಣ ಮೈದಾನ ಸುತ್ತುವಾಗ ಮೊಬೈಲ್ ಆಪ್ ತೋರಿಸುವ ದೂರವೂ ನಂಬಿಕೆಗೆ ಅರ್ಹವಲ್ಲ.

ಇನ್ನು ಕಾಲು ನೋವು. ಹೃದಯ, ಶ್ವಾಸಕೋಶ ವಾರಗಳಲ್ಲಿ ಹೊಂದಿಕೊಳ್ಳುತ್ತವೆ, ಮೂಳೆ ಮತ್ತು ಸ್ನಾಯುರಜ್ಜುಗಳಿಗೆ ತಿಂಗಳುಗಳು ಬೇಕು. ಉಸಿರು ಸಾಲುತ್ತಿದೆ ಅಂತ ಓಟ ಹೆಚ್ಚಿಸಿದಾಗ ಮೊಣಕಾಲ ಕೆಳಗಿನ ಮೂಳೆ ಸೋಲುವುದು ಇದರಿಂದಲೇ. ಮೂಳೆಯ ಒಳಅಂಚಿನ ಉದ್ದಕ್ಕೂ ಹರಡಿದ ನೋವು ಇದ್ದರೆ, ಅದು ಶಿನ್ ಪೇನ್. ಓಟವನ್ನು ಅರ್ಧಕ್ಕಿಳಿಸಿ, ಸಿಮೆಂಟ್, ಟಾರು ರಸ್ತೆ ಬಿಟ್ಟು ಮಣ್ಣಿನ ಮೇಲೆ ಓಡಿ, ಸವೆದ ಶೂ ಬದಲಿಸಿ. ಆದರೆ ಬೆರಳಿಟ್ಟು ಇಲ್ಲೇ ಅಂತ ತೋರಿಸುವಂಥ ನೋವು, ಒಂಟಿ ಕಾಲಲ್ಲಿ ಕುಪ್ಪಳಿಸಿದರೆ ಚುಚ್ಚುವ ನೋವು, ರಾತ್ರಿ ಮಲಗಿದಾಗಲೂ ಕಾಡುವ ನೋವು ಬೇರೆ. ಮೂಳೆಯಲ್ಲಿ ಸಣ್ಣ ಬಿರುಕು ಬಿಟ್ಟಿರಬಹುದು. ಓಟ ಪೂರ್ತಿ ನಿಲ್ಲಿಸಿ ಮೂಳೆ ಡಾಕ್ಟರಿಗೆ ತೋರಿಸಿ. ಮೊದಮೊದಲು ಎಕ್ಸ್‌ರೇನಲ್ಲಿ ಅದು ಕಾಣಿಸದೆಯೂ ಇರಬಹುದು. ಸ್ಪ್ರೇ ಹೊಡೆದುಕೊಂಡು, ನೋವಿನ ಮಾತ್ರೆ ನುಂಗಿ ಓಡುವವರನ್ನು ಕಂಡರೆ ನಿಜವಾಗಿಯೂ ಸಂಕಟವಾಗುತ್ತದೆ. ಒಂದು ವಾರ ಉಳಿಸಲು ಹೋಗಿ ಇಡೀ ನೇಮಕಾತಿಯನ್ನೇ ಕಳೆದುಕೊಳ್ಳುತ್ತಾರೆ.

ಕಾಲಿಗೆ ಬಲ ಬರಲು ವಾರಕ್ಕೆ ಎರಡು ದಿನ ಬಸ್ಕಿ, ಮೆಟ್ಟಿಲಿನ ಅಂಚಿನಲ್ಲಿ ಮುಂಗಾಲಿನ ಮೇಲೆ ನಿಂತು ಹಿಮ್ಮಡಿ ಎತ್ತಿ ಇಳಿಸುವ ವ್ಯಾಯಾಮ, ತಲಾ ಮೂರು ಸುತ್ತು, ಸುತ್ತಿಗೆ 12ರಿಂದ 15. ಹಿಮ್ಮಡಿ ಇಳಿಸುವಾಗ ಮೂರು ಎಣಿಸಿ. ಮೀನಖಂಡಕ್ಕೆ ಅಸಲಿ ಕೆಲಸ ಸಿಗುವುದು ಆ ಇಳಿಕೆಯಲ್ಲೇ.

ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮುದ್ದೆ, ಕಾಳು, ಮೊಟ್ಟೆ, ಶೇಂಗಾ ಇದ್ದರೆ ಡಬ್ಬಿಯ ಪ್ರೋಟೀನ್ ಪುಡಿ ಬೇಕಿಲ್ಲ. ಬೇಗ ಸುಸ್ತಾಗುವ ಹೆಣ್ಣುಮಕ್ಕಳು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿಕೊಳ್ಳಲಿ. ಕಬ್ಬಿಣದಂಶ ಕಡಿಮೆಯಿದ್ದರೆ ಎಷ್ಟು ಓಡಿದರೂ ದಮ್ಮು ಬರುವುದಿಲ್ಲ. ಊಟದ ಜೊತೆಗೇ ಟೀ ಕುಡಿದರೆ ಕಬ್ಬಿಣ ಮೈಗೆ ಹತ್ತುವುದು ಕಡಿಮೆಯಾಗುತ್ತದೆ, ಸೊಪ್ಪಿನ ಪಲ್ಯಕ್ಕೆ ನಿಂಬೆ ಹಿಂಡಿದರೆ ಹೆಚ್ಚುತ್ತದೆ. ರಾತ್ರಿ ಒಂದರವರೆಗೆ ಓದಿ ಐದಕ್ಕೆ ಗ್ರೌಂಡಿಗೆ ಬರುವವರು ಓಟವನ್ನು ಸಂಜೆಗೆ ಹಾಕಿಕೊಳ್ಳುವುದೇ ಒಳ್ಳೆಯದು. ದೇಹ ಬಲಗೊಳ್ಳುವುದು ನಿದ್ದೆಯಲ್ಲಿ. ಲಿಖಿತ ಪರೀಕ್ಷೆಗೆ ಓದುವ ವಾರಗಳಲ್ಲಿ ಓಟ ಪೂರ್ತಿ ಬಿಡಬೇಡಿ, ಎರಡೇ ವಾರಕ್ಕೆ ದಮ್ಮು ಇಳಿಯತೊಡಗುತ್ತದೆ. ವಾರಕ್ಕೆ ಎರಡು ದಿನ, ಅದರಲ್ಲೊಂದು ವೇಗದ ದಿನ ಇದ್ದರೆ ಗಳಿಸಿದ್ದು ಬಹಳಮಟ್ಟಿಗೆ ಉಳಿಯುತ್ತದೆ.

ಓಟದ ಪರೀಕ್ಷೆಗೆ ಹತ್ತು ದಿನ ಇರುವಾಗ ಓಟದ ದೂರವನ್ನು ಅರ್ಧಕ್ಕಿಳಿಸಿ, ವೇಗವನ್ನು ಹಾಗೇ ಇಡಿ. ಹಿಂದಿನ ದಿನ ಟ್ರಯಲ್ ಬೇಡ. ಪರೀಕ್ಷೆಯ ದಿನ ಮೈ ಬಿಸಿ ಮಾಡಿಕೊಳ್ಳಲು ಹತ್ತು ನಿಮಿಷ ನಿಧಾನ ಓಟ, ಕಾಲು ಬೀಸುವುದು, 60 ಮೀಟರಿನ ಮೂರು ಚುರುಕು ಓಟ. ಸೀಟಿ ಊದಿದ ತಕ್ಷಣ ಎಲ್ಲರೂ ನುಗ್ಗುತ್ತಾರೆ, ನೀವು ನುಗ್ಗಬೇಡಿ. ಮೊದಲ ರೌಂಡ್ 80 ಸೆಕೆಂಡಿಗೆ ಮುಗಿಸಿದವರು ಕೊನೆಯ ಎರಡು ರೌಂಡ್ 110 ದಾಟಿಸಿ ಫೇಲಾಗುತ್ತಾರೆ. ನಿಮ್ಮ ಗುರಿ 95. ನಾಲ್ಕೂ ಹಾಗೇ ಬಂದರೆ 6:20, ಕೈಯಲ್ಲಿ ಹತ್ತು ಸೆಕೆಂಡ್ ಉಳಿತಾಯ. ಒಳಗಿನ ಲೇನ್ ಹಿಡಿಯಿರಿ, ಒಂದು ಲೇನ್ ಹೊರಗೆ ಓಡಿದರೆ ರೌಂಡಿಗೆ ಏಳು ಮೀಟರಿಗೂ ಹೆಚ್ಚು ದೂರ ಸೇರುತ್ತದೆ. ಹಾಗಾಗಿ ಮುಂದಿನವರನ್ನು ದಾಟುವುದಿದ್ದರೆ ತಿರುವಿನಲ್ಲಿ ಬೇಡ, ನೇರ ಟ್ರ್ಯಾಕ್ ಬರುವವರೆಗೆ ತಾಳಿ.

ಗೆರೆ ದಾಟಿದ ಮೇಲೆ ಅಲ್ಲೇ ಕುಸಿದು ಕೂರಬೇಡಿ. ರಕ್ತ ಕಾಲಲ್ಲೇ ನಿಂತು ತಲೆ ಸುತ್ತಬಹುದು. ಐದು ನಿಮಿಷ ನಡೆದಾಡಿ, ಸ್ವಲ್ಪ ಸ್ವಲ್ಪವಾಗಿ ನೀರು ಕುಡಿಯಿರಿ. ಲಾಂಗ್ ಜಂಪ್, ಗುಂಡು ಎಸೆತ ಇನ್ನೂ ಬಾಕಿ ಇರುತ್ತವೆ.