ಟ್ರೋಮ್ಸೊದಲ್ಲಿ ಸೂರ್ಯ ಬಂದ ದಿನ

ಉತ್ತರ ನಾರ್ವೆಯ ಟ್ರೋಮ್ಸೊದಲ್ಲಿ ನವೆಂಬರ್ 21ರ ಹೊತ್ತಿಗೆ ಮರೆಯಾದ ಸೂರ್ಯ ಮತ್ತೆ ಕಾಣುವುದು ಜನವರಿ 21ಕ್ಕೆ. ಊರು ಆರ್ಕ್‌ಟಿಕ್ ವೃತ್ತದಿಂದ ಸುಮಾರು 350 ಕಿ.ಮೀ. ಉತ್ತರಕ್ಕಿದೆ. ಸುತ್ತಲೂ ಬೆಟ್ಟ ಬೇರೆ. ಹಾಗಾಗಿ ಸೂರ್ಯ ಏಳೋದಕ್ಕೆ ಶುರು ಮಾಡಿದ ಮೇಲೂ ಕೆಲವು ದಿನ ಬೆಟ್ಟದ ಹಿಂದೆಯೇ ಇರುತ್ತಾನೆ. ಎಕ್ಸ್‌ಚೇಂಜ್ ವಿದ್ಯಾರ್ಥಿನಿಯಾಗಿ ನಾನು ಹೈಸ್ಕೂಲಿನ ಒಂದು ವರ್ಷ ಕಳೆದದ್ದು ಇದೇ ಊರಿನಲ್ಲಿ.

ಕತ್ತಲೆಂದರೆ ಪೂರ್ತಿ ಕಗ್ಗತ್ತಲಲ್ಲ. ಮಧ್ಯಾಹ್ನ ಸ್ವಲ್ಪ ಹೊತ್ತು ಹಿಮದ ಮೇಲೆ ನೀಲಿ ಬೆಳಕು ಹರಡುತ್ತದೆ. ಆ ನೀಲಿಯನ್ನು ನಾನು ಬೇರೆಲ್ಲೂ ನೋಡಿಲ್ಲ. ಜನ ಮನೆಯೊಳಗೆ ಮುದುಡಿ ಕೂರುವುದಿಲ್ಲ. ಕಿಟಕಿಗೆ ಕಾಗದದ ನಕ್ಷತ್ರ ತೂಗುಹಾಕುತ್ತಾರೆ, ಮೇಣದಬತ್ತಿ ಹಚ್ಚುತ್ತಾರೆ. ಶಾಲೆ ಮುಗಿದ ಮೇಲೆ ದೀಪ ಹಾಕಿದ ದಾರಿಯಲ್ಲಿ ಸ್ಕೀ ಮಾಡುತ್ತಾರೆ. ನಾನಿದ್ದ ಮನೆಯಲ್ಲಿ ಬೆಳಿಗ್ಗೆ ಎಲ್ಲರಿಗೂ ಒಂದು ಚಮಚ ಮೀನೆಣ್ಣೆ. ನಾನು ಸಸ್ಯಾಹಾರಿ ಅಂತ ಆ ಮನೆಯ ಅಮ್ಮ ನನಗೆ ವಿಟಮಿನ್ ಡಿ ಮಾತ್ರೆ ತಂದಿಟ್ಟಿದ್ದರು. ಅದನ್ನು ನಾನು ಕೇಳಿರಲೇ ಇಲ್ಲ.

ಕ್ಲಾಸಿನವರು ಒಳ್ಳೆಯವರು, ಆದರೆ ಮಾತು ಕಡಿಮೆ. ಟೀಚರನ್ನು ಹೆಸರು ಹಿಡಿದು ಕರೆಯುವ ಸಲುಗೆ ಇದೆ, ಪಕ್ಕದಲ್ಲಿ ಕೂತವಳ ಮನೆ ವಿಷಯ ಕೇಳುವ ರೂಢಿ ಇಲ್ಲ. ಊಟದ ಹೊತ್ತಿಗೆ ಎಲ್ಲರೂ ಬ್ರೆಡ್ಡು, ಕಂದು ಚೀಸ್ ಕಟ್ಟಿ ತಂದ ಪೊಟ್ಟಣ ಬಿಚ್ಚಿ ಸುಮ್ನೆ ತಿನ್ನುತ್ತಿದ್ದರು. ಮನೆಯಲ್ಲಿ ಸದಾ ಗಲಗಲ ಅನ್ನುವ ನನಗೆ ಆ ಮೌನ ಕತ್ತಲಿಗಿಂತ ಜಾಸ್ತಿ ಕಷ್ಟವಾಗಿತ್ತು.

ಸೂರ್ಯ ಬರುವ ದಿನ ಬೆಳಿಗ್ಗೆಯಿಂದಲೇ ಶಾಲೆಯಲ್ಲಿ ಏನೋ ಸಡಗರ. ಆ ದಿನ ಊರೆಲ್ಲ ತಿನ್ನುವ, ಒಳಗೆ ಜಾಮ್ ತುಂಬಿದ ಸಿಹಿ ಬನ್ನು ಮೇಜಿನ ಮೇಲಿತ್ತು. ಸಂಕ್ರಾಂತಿ ಕಳೆದು ಒಂದು ವಾರವಾಗಿತ್ತಷ್ಟೆ. ಅಮ್ಮ ಪಾರ್ಸೆಲ್‌ನಲ್ಲಿ ಕಳಿಸಿದ್ದ ಎಳ್ಳುಬೆಲ್ಲ ನಾನೂ ಒಯ್ದಿದ್ದೆ. ಕಡಲೆಬೀಜದ ಅಲರ್ಜಿ ಯಾರಿಗಾದರೂ ಇದೆಯಾ ಅಂತ ಟೀಚರ್ ಮೊದಲು ವಿಚಾರಿಸಿದರು. ಯಾರಿಗೂ ಇರಲಿಲ್ಲ. ಡಬ್ಬಿ ಕೈಯಿಂದ ಕೈಗೆ ಹೋಯಿತು. ಸೂರ್ಯ ಉತ್ತರಕ್ಕೆ ತಿರುಗಿದ್ದಕ್ಕೆ ನಮ್ಮಲ್ಲೂ ಹಬ್ಬ ಮಾಡುತ್ತೇವೆ ಅಂದೆ. ತಿಂಗಳುಗಟ್ಟಲೆ ಮಾತಾಡದವರು ಆಗ ಪ್ರಶ್ನೆ ಮೇಲೆ ಪ್ರಶ್ನೆ ಕೇಳಿದರು. ಬಿಸಿಲು ಸುಡುವ ನಾಡಿನವರು ಸೂರ್ಯನಿಗೆ ಯಾಕೆ ಹಬ್ಬ ಮಾಡ್ತೀರಿ? ಪೈರು, ಸುಗ್ಗಿ, ಹಸುಗಳಿಗೆ ಕಿಚ್ಚು ಹಾಯಿಸುವುದು, ಎಲ್ಲ ಹೇಳಿದೆ.

ಮಧ್ಯಾಹ್ನ ಎಲ್ಲರೂ ಅಂಗಳಕ್ಕೆ ಬಂದೆವು. ಮೋಡ ಇದ್ದರೆ ಏನೂ ಕಾಣುವುದಿಲ್ಲ ಅಂತ ಹೆದರಿಸಿದ್ದರು. ನಮ್ಮ ಪುಣ್ಯಕ್ಕೆ ಆಕಾಶ ತಿಳಿಯಾಗಿತ್ತು. ದಕ್ಷಿಣದ ಬೆಟ್ಟಗಳ ನಡುವೆ ಒಂದು ಕಿತ್ತಳೆ ಅಂಚು ಎದ್ದಿತು. ಕೆಲವೇ ನಿಮಿಷ. ಕೇಕೆ ಹಾಕಿದವರು ಹಾಕಿದರು, ಕೆಲವರು ಕಣ್ಣು ಮುಚ್ಚಿ ಮುಖವನ್ನು ಅತ್ತ ತಿರುಗಿಸಿ ನಿಂತರು. ನಾನು ಕೈ ಮುಗಿದೆ. ಯಾರೂ ವಿಚಿತ್ರವಾಗಿ ನೋಡಲಿಲ್ಲ.

ಒಳಗೆ ಹೋಗುವಾಗ ನನ್ನ ಬೆಂಚಿನವಳು, "ಶನಿವಾರ ನಾವು ಕಾಡಿನ ಮನೆಗೆ ಹೋಗ್ತಿದ್ದೀವಿ, ನೀನೂ ಬಾ. ಸ್ಕೀ ನಾನು ಕಲಿಸ್ತೀನಿ" ಅಂದಳು. ಆ ಎಳ್ಳುಬೆಲ್ಲ ಉಳಿದಿದ್ದರೆ ತರಬೇಕಂತೆ, ಅವಳಜ್ಜಿಗೆ ರುಚಿ ತೋರಿಸಬೇಕಂತೆ.