ಅಪ್ಪನ ಸೈಕಲ್‌ಗೆ ಬೀಗವಿಲ್ಲ

ಭಾನುವಾರ ಊರಿಗೆ ವಿಡಿಯೊ ಕಾಲ್ ಮಾಡಿದ್ದೆವು. ಅಪ್ಪ ಫೋನ್ ಹಿಡಿದುಕೊಂಡೇ ಜಗಲಿಗೆ ಬಂದರು. ಗೋಡೆಗೆ ಒರಗಿಸಿದ್ದ ಅವರ ಹಳೇ ಅಟ್ಲಾಸ್ ಮಗಳ ಕಣ್ಣಿಗೆ ಬಿತ್ತು. "ತಾತ, ಬೀಗ ಎಲ್ಲಿ?" ಅಂದಳು. "ಅದರ ಕೀ ಕಳೆದು ಯಾವ ಕಾಲವಾಯ್ತು ಪುಟ್ಟಿ, ಅರಸೀಕೆರೆಯಲ್ಲಿ ಅದನ್ನ ಯಾರು ಮುಟ್ತಾರೆ" ಅಂತ ಅಪ್ಪ ನಕ್ಕರು. ಅವಳು ಸುಮ್ಮನಿರಬೇಕಲ್ಲ! "ಹಾಗಾದ್ರೆ ನಿಮ್ಮೂರಲ್ಲಿ ಯಾರಿಗೂ ಸೈಕಲ್ ಬೇಡ್ವಾ?"

ನೆದರ್‌ಲ್ಯಾಂಡ್ಸ್‌ನ ಉಟ್ರೆಕ್ಟ್‌ನಲ್ಲಿ ಬೆಳೆದ ಮಗು, ಅವಳ ಲೆಕ್ಕ ಅವಳಿಗೆ ಸರಿ. ಈ ದೇಶದಲ್ಲಿ ಜನರಿಗಿಂತ ಸೈಕಲ್ ಜಾಸ್ತಿ. ಮಾರ್ಕ್ ರುಟ್ಟೆ ಪ್ರಧಾನಿಯಾಗಿದ್ದಾಗಲೂ ಆಫೀಸಿಗೆ ಸೈಕಲ್ ತುಳಿಯುತ್ತಿದ್ದರು. ಇಲ್ಲಿನ ರೈಲ್ವೆ ಸ್ಟೇಷನ್ನಿನಲ್ಲಿ 12,500 ಸೈಕಲ್ ಹಿಡಿಸುವ ಸ್ಟ್ಯಾಂಡ್ ಇದೆ, ಮೊದಲ 24 ಗಂಟೆ ಫ್ರೀ. ಬೇಕಾದವರು ಇಷ್ಟು ಜನ ಇದ್ದ ಮೇಲೆ ಕಳ್ಳರೂ ಇರುತ್ತಾರೆ. ಮುಂದಿನ ಚಕ್ರಕ್ಕೆ ಮಾತ್ರ ಚೈನು ಹಾಕಿ ಹೋದವರ ಪಾಡು ಬೀದಿಯಲ್ಲೇ ಕಾಣಸಿಗುತ್ತದೆ. ಚಕ್ರವೊಂದು ಕಂಬಕ್ಕೆ ಭದ್ರವಾಗಿರುತ್ತದೆ, ಉಳಿದ ಸೈಕಲ್ ಮಾಯ.

ಮಗಳಿಗೆ ಬೀಗದ ಪಾಠ ಮಾಡಿದ್ದು ಪಕ್ಕದ ಮನೆಯ ಅಜ್ಜ. ಹಿಂದಿನ ಚಕ್ರಕ್ಕೆ ರಿಂಗ್ ಲಾಕ್, ನಮ್ಮ ಹರ್ಕ್ಯುಲಿಸ್, ಅಟ್ಲಾಸ್‌ಗಳಲ್ಲಿ ಇರುತ್ತಿತ್ತಲ್ಲ, ಅದೇ ತರದ್ದು. ಅದೊಂದೇ ಇದ್ದರೆ ಇಡೀ ಸೈಕಲ್ ಎತ್ತಿ ವ್ಯಾನಿಗೆ ಹಾಕಿಕೊಂಡು ಹೋಗುತ್ತಾರೆ. ಅದಕ್ಕೇ ದಪ್ಪ ಚೈನನ್ನು ಫ್ರೇಮ್ ಮತ್ತು ಮುಂದಿನ ಚಕ್ರದೊಳಗಿಂದ ತೂರಿಸಿ, ನೆಲದಲ್ಲಿ ಹೂತ ಕಂಬಿಗೆ ಬಿಗಿಯಬೇಕು. ಚೈನು ಜೋತುಬಿದ್ದು ನೆಲ ಮುಟ್ಟಬಾರದು. ಮುಟ್ಟಿದರೆ ಕಳ್ಳ ಕಟರಿನ ಒಂದು ಹಿಡಿಯನ್ನು ನೆಲಕ್ಕೆ ಊರಿ, ಇನ್ನೊಂದರ ಮೇಲೆ ಮೈಭಾರವೆಲ್ಲ ಬಿಟ್ಟು ಕತ್ತರಿಸುತ್ತಾನೆ. ಕಬ್ಬಿಣ ಕೊಯ್ಯುವ ಬ್ಯಾಟರಿ ಗ್ರೈಂಡರ್ ಮುಂದೆ ಯಾವ ಚೈನೂ ಬಹಳ ಹೊತ್ತು ತಡೆಯಲ್ಲ, ಆದರೆ ಆ ಸದ್ದು, ಆ ಕಿಡಿ ಕಳ್ಳನಿಗೂ ಭಯವೇ ಅಲ್ವಾ. ಇನ್ಶೂರೆನ್ಸ್‌ನವರು ಸಾಮಾನ್ಯವಾಗಿ ಎಆರ್‌ಟಿ ಮುದ್ರೆ (ಬೀಗದ ಗಟ್ಟಿತನ ಪರೀಕ್ಷಿಸಿ ಕೊಡುವ ಗುರುತು), ಎರಡು ಸ್ಟಾರ್ ಇರುವ ಬೀಗವೇ ಆಗಬೇಕು ಅನ್ನುತ್ತಾರೆ. ಕಳುವಾದರೆ ಎರಡೂ ಕೀ ತೋರಿಸಬೇಕು. ಒಳ್ಳೆ ಚೈನಿನ ಬೆಲೆಗೆ ಅರಸೀಕೆರೆಯಲ್ಲಿ ಒಂದು ಸಾದಾ ಸೈಕಲ್ಲೇ ಬರುತ್ತದೆ, ಅದು ಬೇರೆ ಮಾತು.

ನಮ್ಮೂರಲ್ಲಿ ಕಳ್ಳರಿಲ್ಲ ಅಂತ ಮಗಳ ಮುಂದೆ ಜಂಬ ಕೊಚ್ಚಬಹುದಿತ್ತು. ಬಾಯಿ ಬರಲಿಲ್ಲ. ಅಪ್ಪ ಹೊಸದಾಗಿ ಸೈಕಲ್ ಕೊಂಡಾಗ ಚೈನ್ ಕವರ್ ಮೇಲೆ ಕೆಂಪು ಬಣ್ಣದಲ್ಲಿ ಹೆಸರು ಬರೆಸಿದ್ದರು. ರಾತ್ರಿ ಅದನ್ನು ನಡುಮನೆಗೇ ತಳ್ಳಿಕೊಂಡು ಬರುತ್ತಿದ್ದರು, ಅದರ ಹ್ಯಾಂಡಲ್ ತಗುಲಿ ಅಮ್ಮ ಬೈಯುತ್ತಿದ್ದಳು. ಆಗ ಸೈಕಲ್ ಎಲ್ಲರಿಗೂ ಬೇಕಿತ್ತು. 2006-07ರಲ್ಲಿ ಸರ್ಕಾರ 8ನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿದಾಗಲೂ ಅಷ್ಟೇ. ಸುತ್ತಮುತ್ತಲ ಹಳ್ಳಿಗಳ ಹುಡುಗಿಯರು ರಸ್ತೆ ತುಂಬ ಬೆಲ್ ಬಾರಿಸಿಕೊಂಡು ಹೈಸ್ಕೂಲಿಗೆ ಬರುತ್ತಿದ್ದರು.

ಈಗ ಅಣ್ಣನ ಮಗ ಎರಡು ಬೀದಿ ಆಚೆಯ ಟ್ಯೂಷನ್ನಿಗೂ ಸ್ಕೂಟರ್ ಹಿಂದೆ ಕೂತು ಹೋಗುತ್ತಾನೆ. ಅಲ್ಲಿ ನುಗ್ಗುವ ಟಿಪ್ಪರ್, ಬಸ್ಸುಗಳನ್ನು ನೋಡಿದರೆ "ಸೈಕಲ್ ತುಳಿಯೋ" ಅಂತ ಅವನಿಗೆ ಹೇಳಲು ನನಗೂ ಧೈರ್ಯವಿಲ್ಲ.